ಮುಸುರೆ ತಿಕ್ಕುವವರು ಯಾರು

ಶಹಾಪುರದ ಗುರುದೇವಿಗೆ ಸಿಟ್ಟು ಜಾಸ್ತಿ ಎಂದು ಓಣಿಯವರೆಲ್ಲ ಹೇಳುತ್ತಾರೆ. ಅವಳು ಮನೆಯಲ್ಲೇ ಹೆಂಗಸರ ಜಂಪರ್, ರವಿಕೆ ಹೊಲಿಯುತ್ತಾಳೆ. ಯಾರಾದರೂ ಪ್ಲಾಸ್ಟಿಕ್ ಚೀಲದಲ್ಲಿ ಬಟ್ಟೆ ತಂದರೆ ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಾಳೆ.

ಈ ಸಿಟ್ಟು ಹತ್ತಿದ್ದು ಹೋದ ಮಳೆಗಾಲದಲ್ಲಿ. ಪಕ್ಕದ ಕಲ್ಯಾಣ ಮಂಟಪದಲ್ಲಿ ಜನ ಉಂಡು ಎಸೆದ ಪೇಪರ್ ಪ್ಲೇಟುಗಳು ಚರಂಡಿಗೆ ಅಡ್ಡ ಸಿಕ್ಕಿಕೊಂಡು, ಹೊಲಸು ನೀರು ಅವಳ ಮನೆಗೇ ನುಗ್ಗಿತು. ಗಿರಾಕಿಗಳ ಬಟ್ಟೆ ಹಾಳಾದವು. ರಾಡಿ ಬಳಿಯುತ್ತ ಕೂತವಳು ಒಂದು ಪ್ಲೇಟನ್ನು ಹರಿದು ನೋಡಿದಳು. ಕಾಗದ ಕೊಳೆತು ಹೋಗಿತ್ತು. ಅದಕ್ಕೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಮಾತ್ರ ಹಾಗೇ ಇತ್ತು.

"ಪೇಪರ್ ಅಂತ ಹೇಳಿ ನಮ್ಮನ್ನ ಮಂಗ್ಯಾ ಮಾಡ್ಯಾರ ನೋಡು," ಎಂದು ಪಕ್ಕದ ಮನೆಯ ಫರ್ಹತಳಿಗೆ ಅದನ್ನು ಎತ್ತಿ ತೋರಿಸಿದಳು.

ಮರುವಾರವೇ ಓಣಿಯ ಮನೆಮನೆಗೆ ಹೋಗಿ ಅಟ್ಟದ ಮೇಲಿನ ಸ್ಟೀಲ್ ತಾಟುಗಳನ್ನು ಇಳಿಸಿ ತನ್ನ ಮನೆಯಲ್ಲಿ ಕೂಡಿಹಾಕಿದಳು. ಮದುವೆಗಳಲ್ಲಿ ಆಯೇರಿ ಉಡುಗೊರೆಯಾಗಿ ಬಂದು, ಕೊಟ್ಟವರ ಹೆಸರು ಕೊರೆಸಿಕೊಂಡು, ಒಂದು ದಿನವೂ ಅನ್ನ ಕಾಣದ ತಾಟುಗಳು. ಫರ್ಹತ ತನ್ನವನ್ನೂ ಕೊಟ್ಟಳು. ಯಾರ ಮನೆಯ ಕಾರ್ಯಕ್ಕಾದರೂ ಒಯ್ಯಿರಿ ಎಂದು ಗುರುದೇವಿ ಸಾರಿದಳು. ಒಬ್ಬರೂ ಬರಲಿಲ್ಲ.

ಅಷ್ಟರಲ್ಲಿ ದೇವಾಪುರದಲ್ಲಿ ಅಕ್ಕ ಭೀಮಾಬಾಯಿಯ ಮೊಮ್ಮಗಳ ತೊಟ್ಟಿಲು ಕಾರ್ಯ ಬಂತು. ಗುರುದೇವಿ ಯಾರನ್ನೂ ಕೇಳದೆ ತಾಟಿನ ಚೀಲಗಳನ್ನು ಟಂಟಂ ಗಾಡಿಗೆ ಹೇರಿಕೊಂಡು ಹೋದಳು.

ಮೊದಲ ಪಂಕ್ತಿ ಸ್ಟೀಲ್ ತಾಟಿನಲ್ಲೇ ಉಂಡು ಎದ್ದಿತು. ಬೀಗರ ಕಡೆಯ ಸಂಗಣ್ಣ ಕೈ ತೊಳೆಯುತ್ತ ನಕ್ಕ. "ಈಗಿನ ಕಾಲದಾಗ ತಾಟ ಯಾರ ತೊಳೀತಾರ್ರಿ? ಪೇಪರ್ ಪ್ಲೇಟ್ ಆದ್ರ ಉಂಡು ಒಗದ್ರ ಮುಗೀತು."

"ಎಲ್ಲಿ ಒಗೀತೀರಿ?"

"ಹಿಂದ ಹಳ್ಳ ಅದ ಅಲ್ರಿ."

ಗುರುದೇವಿಗೆ ಮೈಯೆಲ್ಲ ಉರಿಯಿತು. "ಹಳ್ಳ ನಿಮ್ಮಪ್ಪಂದೇನ್ರಿ?" ಎಂದೇಬಿಟ್ಟಳು. ಅವನು ಮುಖ ಸಣ್ಣದು ಮಾಡಿಕೊಂಡು ಹೋದ. ಗೆದ್ದೆ ಎಂದುಕೊಂಡು ಅವಳು ಹಿತ್ತಲಿಗೆ ಬಂದಳು.

ಹಿತ್ತಲಲ್ಲಿ ತಾಟುಗಳು ಗುಡ್ಡೆಯಾಗಿ ಬಿದ್ದಿದ್ದವು. ಮೊಣಕಾಲು ಮಡಚಲಾಗದ ಭೀಮಾಬಾಯಿ ಕಲ್ಲಿನ ಮೇಲೆ ಕೂತು ತಿಕ್ಕುತ್ತಿದ್ದಳು. ಊಟಕ್ಕೆ ಮೊದಲು ಅಟ್ಟದ ಧೂಳು ಹೋಗುವಂತೆ ಆ ತಾಟುಗಳನ್ನೆಲ್ಲ ತೊಳೆದವಳೂ ಅವಳೇ, ಮೊಮ್ಮಗಳ ಹೆಸರು ಕಿವಿಯಲ್ಲಿ ಹೇಳುವ ಹೊತ್ತಿಗೆ ತೊಟ್ಟಿಲ ಹತ್ತಿರ ಅವಳಿರಲಿಲ್ಲ ಎಂಬುದು ಗುರುದೇವಿಗೆ ಆಗ ಹೊಳೆಯಿತು.

"ಅಕ್ಕಾ, ನಾ ತಿಕ್ತೀನಿ, ಏಳು."

ಭೀಮಾಬಾಯಿ ಕೈಯಲ್ಲಿದ್ದ ತಾಟನ್ನು ಕುಕ್ಕಿದಳು. "ಭೂಮಿ ಉಳಸ್ತೀನಿ ಅಂತ ಊರ ತುಂಬ ಹೇಳ್ಕೋತ ಅಡ್ಡಾಡ್ತಿ. ನನ್ನ ಸೊಂಟ ಯಾರ ಉಳಸ್ತಾರ? ತರೋಕಿಂತ ಮೊದ್ಲು ನನ್ನ ಒಂದು ಮಾತ ಕೇಳೀಯೇನು?"

ಗುರುದೇವಿ ಸೀರೆ ಎತ್ತಿ ಕಟ್ಟಿ ಅಕ್ಕನ ಪಕ್ಕದಲ್ಲಿ ಕೂತಳು. ತಿಕ್ಕುತ್ತ ತಿಕ್ಕುತ್ತ ಸಿಟ್ಟು ಮತ್ತೆ ಏರಿತು. ಈ ಸಲ ಅದು ಪ್ಲಾಸ್ಟಿಕ್ಕಿನ ಮೇಲಲ್ಲ. ಅಂಗಳದಲ್ಲಿ ಎಲೆ ಅಡಿಕೆ ಹಾಕಿಕೊಂಡು ನಗುತ್ತ ಕೂತವರ ದನಿ ಗೋಡೆ ದಾಟಿ ಕೇಳುತ್ತಿತ್ತು. ಅಷ್ಟೂ ತಾಟು ಖಾಲಿ ಮಾಡಿದವರು ಅವರೇ.

ಅವಳು ನೀರಿನ ಬಕೆಟ್ಟನ್ನು ಪೆಂಡಾಲಿನ ಮುಂದಕ್ಕೆ ಎಳೆದು ತಂದಳು. ಪಕ್ಕದಲ್ಲಿ ಬೂದಿ, ತೆಂಗಿನ ನಾರು ಇಟ್ಟಳು. "ಇನ್ನ ಮ್ಯಾಲ ಉಂಡವ್ರು ತಮ್ ತಮ್ ತಾಟ ತಾವೇ ತೊಳೀರಿ."

"ಗಂಡಸರು ಮುಸುರಿ ತಿಕ್ಕಬೇಕೇನು?" ಎಂದ ಸಂಗಣ್ಣ.

"ಮುಸುರಿ ಮಾಡಿದ್ದು ಗಂಡಸರ ಬಾಯೇ ಅಲ್ಲೇನ್ರಿ?"

ಯಾರೂ ನಗಲಿಲ್ಲ. ಭೀಮಾಬಾಯಿಯ ಗಂಡ ಅಮರಪ್ಪ ಓಡಿ ಬಂದ. "ಗುರುದೇವಿ, ಬೀಗರ ಮುಂದ ನನ್ನ ಮರ್ಯಾದಿ ತೆಗೀಬ್ಯಾಡವಾ."

"ಮಾಮಾ, ಅಕ್ಕ ಮೊಮ್ಮಗಳ ಹೆಸರಿಡೋದೂ ನೋಡಿಲ್ಲ. ಆಕಿ ಮರ್ಯಾದಿ ಎಲ್ಲಿಟ್ಟೀರಿ?"

ಅಮರಪ್ಪ ಪೇಪರ್ ಪ್ಲೇಟು ತರಲೆಂದು ಒಬ್ಬನನ್ನು ಬೈಕಿನ ಮೇಲೆ ಸುರಪುರಕ್ಕೆ ಅಟ್ಟಿದ. ಎರಡನೇ ಪಂಕ್ತಿ ಪೇಪರ್ ಪ್ಲೇಟಿನಲ್ಲೇ ನಡೆಯಿತು, ಪ್ಲೇಟುಗಳು ಹಳ್ಳಕ್ಕೇ ಹೋದವು. ಸ್ಟೀಲ್ ತಾಟಿನಲ್ಲೇ ಉಂಡು, ಬಕೆಟ್ಟಿನ ಹತ್ತಿರ ಬಂದು ಅದನ್ನು ತೊಳೆದವನು ಒಬ್ಬನೇ, ಮಗುವಿನ ಅಪ್ಪ. ಅವನೂ ಯಾರ ಮುಖವನ್ನೂ ನೋಡದೆ ತೊಳೆದಿಟ್ಟು ಹೋದ. ಗುರುದೇವಿ ಟಂಟಂ ಹತ್ತುವಾಗ ಅಮರಪ್ಪ ಬೀಳ್ಕೊಡಲು ಬರಲಿಲ್ಲ.

ವಾರ ಕಳೆದ ಮೇಲೆ ಭೀಮಾಬಾಯಿಯ ಫೋನ್ ಬಂತು. "ನಿನ್ನ ಮ್ಯಾಲಿನ ಸಿಟ್ಟು ಇನ್ನೂ ಹೋಗಿಲ್ಲ ನಂಗ," ಎಂದೇ ಶುರುಮಾಡಿದಳು. "ಆದ್ರ ಒಂದ್ ಮಾತು. ನಿನ್ನ ಮಾಮಾ ಉಂಡ ತಾಟ ಹಂಗೇ ಬಿಟ್ಟೆ, ತೊಳೀಲಿಲ್ಲ. ಮರುದಿನ ಅದರಾಗೇ ಬಡಸೀನಿ. ಒದರಿದ. ನಾನೂ ಒದರೀನಿ. ಈಗ ತೊಳ್ಕೊಳ್ಳಾಕತ್ಯಾನ, ಗೊಣಗ್ಕೋತ."

ಗುರುದೇವಿ ನಕ್ಕಳು. ಆದರೆ ಸಿಟ್ಟು ಇಳಿಯಲಿಲ್ಲ. ದೇವಾಪುರದ ಸುದ್ದಿ ಹಬ್ಬಿದ ಮೇಲೆ ಒಬ್ಬೊಬ್ಬರೇ ತಾಟು ಕೇಳಿ ಬರತೊಡಗಿದ್ದಾರೆ. ಅವರನ್ನು ಅವಳು ಮೊದಲು ಕೇಳುವುದು ತೊಳೆಯುವವರು ಯಾರು ಎಂದು. "ಹೆಂಗಸರು ಅದಾರಲ್ರಿ" ಎಂದರೆ ಬರಿಗೈಯಲ್ಲಿ ಕಳಿಸುತ್ತಾಳೆ. ತೊಳೆದ ನೀರನ್ನು ಗಿಡಕ್ಕೆ ಹೇಗೆ ಬಿಡಬೇಕೆಂದು ಕೇಳಲು ಭೀಮರಾಯನಗುಡಿಯ ಕೃಷಿ ಕಾಲೇಜಿಗೂ ಹೋಗಿ ಬಂದಳು. ಅಲ್ಲಿಯವರು ಹೇಳಿದಂತೆ ತನ್ನ ಹಿತ್ತಲಲ್ಲಿ ಕಾಲುವೆ ತೋಡಿ ಬಾಳೆ ನೆಟ್ಟಿದ್ದಾಳೆ.

ಅವಳದೇ ಮನೆಯ ಮೂಲೆಯಲ್ಲಿ ಹೊಲಿಗೆಯಲ್ಲಿ ಉಳಿದ ಪಾಲಿಸ್ಟರ್ ಚೂರುಗಳ ಮೂಟೆ ಇದೆ; ಅದೂ ಪ್ಲಾಸ್ಟಿಕ್ಕೇ. ಸುಟ್ಟರೆ ಹೊಗೆ, ಹೂತರೆ ಕೊಳೆಯುವುದಿಲ್ಲ. ಹೊದೆಯುವ ಕೌದಿ ಹೊಲಿದು ಅದಕ್ಕೆ ಒಂದಷ್ಟು ತುಂಬಿಸಿದಳು. ಉಳಿದದ್ದು ದಿನದಿನಕ್ಕೆ ಬೆಳೆಯುತ್ತಿದೆ. ಏನು ಮಾಡಬೇಕೆಂದು ಬಂದವರನ್ನೆಲ್ಲ ಕೇಳುತ್ತಾಳೆ. ಗೊತ್ತಿಲ್ಲ ಎಂದರೆ ಅವರನ್ನೂ ಬೈಯುತ್ತಾಳೆ.