ಕಿಟಕಿಯ ಕೆಳಗಿನ ಡೀಸೆಲ್ ಟ್ಯಾಂಕು

ಒನೆಹುಂಗಾದ ಬಂಕಿನಲ್ಲಿ ನನ್ನ ಯೂಟ್‌ಗೆ, ಅಂದರೆ ಹಿಂದೆ ಸಾಮಾನು ಹೇರುವ ಗಾಡಿಗೆ, ಡೀಸೆಲ್ ತುಂಬಿಸುವಾಗ ಕೈಮೇಲೆ ಒಂದಿಷ್ಟು ಚೆಲ್ಲಿತು. ಮನೆಗೆ ಬಂದು ಸೋಪು ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ಆ ವಾಸನೆಯ ಹಿಂದೆಯೇ ಪಕ್ಕದ ಮನೆಯ ಆಂಟಿ ಬಂದರು… ಇಡಿಯಾಗಿ ಬರಲಿಲ್ಲ. ಮೊದಲು ಬಂದದ್ದು ಅವರ ಕೈ. ಅಂಗೈ ಮೇಲೆ ಮಾಡಿ, ಕಾಣದ ಜಾಗದೊಳಗೆ ಮೆಲ್ಲಗೆ ತೂರಿಸಿದ ಕೈ. ಮುಖ ಇನ್ನೂ ಸರಿಯಾಗಿ ಬಂದಿಲ್ಲ. ನೆನಪಿಗೆ ಬಾರದ್ದನ್ನು ಬರೆದು ತುಂಬಿಸಿಬಿಡುವ ಚಟ ನನಗಿದೆ. ಈ ಸಲ ಆದಷ್ಟು ಖಾಲಿ ಬಿಡುತ್ತೇನೆ.

ಹಿಲ್ಸ್‌ಬರೋದ ಇಳಿಜಾರಿನಲ್ಲಿ ಅವರ ಮನೆ ಮೇಲೆ, ನಮ್ಮದು ಕೆಳಗೆ. ಆಂಟಿ ಗದಗಿನವರು, ಇಲ್ಲಿ ವೃದ್ಧಾಶ್ರಮವೊಂದರಲ್ಲಿ ನರ್ಸ್ ಆಗಿದ್ದರು. ಅಂಕಲ್ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಈ ದೇಶಕ್ಕೆ ಬಂದ ಮೇಲೆ ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ದುಡಿದು, ಸ್ಟ್ರೋಕ್ ಆಗಿ ಹಾಸಿಗೆ ಹಿಡಿದಿದ್ದರು. ಮಗಳು ದೂರದಲ್ಲಿ, ಈ ದೇಶದ ದಕ್ಷಿಣ ದ್ವೀಪದಲ್ಲಿದ್ದಳು. ಅವರದು ಹಳೆಯ ಕಾಲದ ಮನೆ. ಡೀಸೆಲ್ ಉರಿಸಿ ನೀರು ಕಾಯಿಸಿ, ಆ ಬಿಸಿನೀರನ್ನು ಕೋಣೆ ಕೋಣೆಗೂ ಹರಿಸುವ ವ್ಯವಸ್ಥೆ. ಡೀಸೆಲ್ ಇರುತ್ತಿದ್ದ ಕಬ್ಬಿಣದ ಟ್ಯಾಂಕು ಹಿಂಬಾಗಿಲ ಪಕ್ಕದಲ್ಲಿ, ಅಂಕಲ್ ಮಲಗುತ್ತಿದ್ದ ಕೋಣೆಯ ಕಿಟಕಿಯ ಕೆಳಗೆ, ಮರದ ಗೋಡೆಗೆ ಒತ್ತಿಕೊಂಡೇ ನಿಂತಿತ್ತು. ಮಲಗಿದಲ್ಲಿಂದ ಅವರಿಗೆ ಅದರ ತಲೆ ಮತ್ತು ಡೀಸೆಲ್ ಮಟ್ಟ ತೋರಿಸುವ ಮುಳ್ಳು ಕಾಣುತ್ತಿದ್ದವು. ಎಷ್ಟು ಡೀಸೆಲ್ ಇಳಿಯಿತು ಎಂದು ಬೆಳಿಗ್ಗೆ ಎದ್ದ ಕೂಡಲೇ ಹೇಳುತ್ತಿದ್ದರು.

ಅವರು ಕ್ರೈಸ್ತರು. ಆದರೆ ಡಿಪೋದಲ್ಲಿ ಖಂಡೇ ಪೂಜೆಗೆ, ಅಂದರೆ ನಮ್ಮ ಮೈಸೂರಿನ ಕಡೆಯ ಆಯುಧ ಪೂಜೆಗೆ, ಬಸ್ಸುಗಳಿಗೆ ಬಣ್ಣ ಹೊಡೆದು ಹೊಡೆದು ಅಂಕಲ್‌ಗೆ ಅದು ಮೈಗೆ ಹತ್ತಿತ್ತು. ಇಲ್ಲಿ ಬಸ್ಸಿಲ್ಲ, ಟ್ಯಾಂಕಿತ್ತು. ಪ್ರತಿ ವರ್ಷ ದಸರೆ ಬಂದಾಗ ಅದಕ್ಕೆ ಹಳೆಯ ಬಣ್ಣದ ಮೇಲೆಯೇ ಹೊಸ ಬಣ್ಣ ಬೀಳುತ್ತಿತ್ತು. ಹಸಿರು ಬಣ್ಣ ಎಂದು ಬರೆಯಹೊರಟೆ. ನನ್ನ ಹೆಂಡತಿ ನೀಲಿ ಎನ್ನುತ್ತಾಳೆ. ದಪ್ಪಗಿತ್ತು ಎನ್ನುವುದೊಂದನ್ನು ಇಬ್ಬರೂ ಒಪ್ಪುತ್ತೇವೆ. ಸ್ಟ್ರೋಕ್ ಆದ ಮೇಲೆ ಅಂಕಲ್ ಕಿಟಕಿಯಿಂದ ಹೇಳುತ್ತಿದ್ದರು, ಆಂಟಿ ಬಳಿಯುತ್ತಿದ್ದರು.

"ಏ ಸಿಸ್ಟರ್, ಆ ಮೂಲಿ ಬಿಟ್ಟಿ ನೋಡು."

"ಪೇಷಂಟ್ ಸುಮ್ನ ಮಲಗ್ಬೇಕು. ಇಲ್ಲಾಂದ್ರ ನಿಮ್ಮ ಮಾರಿಗೂ ಒಂದ್ ಕೈ ಹೊಡೀತೀನಿ."

ಗಂಡ ಹೆಂಡತಿ ಒಬ್ಬರನ್ನೊಬ್ಬರು ಹಾಗೆಯೇ ಕರೆಯುತ್ತಿದ್ದರು, ಸಿಸ್ಟರ್, ಪೇಷಂಟ್.

ಒಂದು ಚಳಿಗಾಲ ಅವರ ಹಿತ್ತಲಿನಲ್ಲಿ ಡೀಸೆಲ್ ವಾಸನೆ ಬಿಡದೆ ನೆಲೆಸಿಬಿಟ್ಟಿತು. ನಾನು ಹೋಗಿ ನೋಡಿದೆ. ಟ್ಯಾಂಕು ಫಳಫಳ ಹೊಳೆಯುತ್ತಿತ್ತು. ಆಂಟಿ ಕುಕ್ಕರುಗಾಲಲ್ಲಿ ಕೂತು ಅದರ ಅಡಿಗೆ ಕೈ ತೂರಿಸಿದರು. ಹೊರಗೆ ಬಂದ ಅಂಗೈ ಎಣ್ಣೆಯಾಗಿತ್ತು.

"ಮಲಗಿದವರಿಗೆ ಹುಣ್ಣು ಎದಿಮ್ಯಾಲ ಆಗಂಗಿಲ್ರಿ," ಎಂದರು. "ಬೆನ್ನಿಗೆ ಆಗ್ತದ. ನಾವು ಇಷ್ಟು ವರ್ಷ ಎದಿಗೇ ಪೌಡರ್ ಹಚ್ಚೀವಿ."

ಟ್ಯಾಂಕು ಪರೀಕ್ಷಿಸುವವನನ್ನು ಕರೆಸಿದರು. ಅವನು ಹುಲ್ಲಿನ ಮೇಲೆ ಅಂಗಾತ ಮಲಗಿ, ಟಾರ್ಚ್ ಬಿಟ್ಟು ಅಡಿ ನೋಡಿದ. ಎದ್ದು, ಬಣ್ಣ ಬಹಳ ಚೆನ್ನಾಗಿದೆ, ಇದನ್ನು ಹಿಡಿದು ನಿಲ್ಲಿಸಿರುವುದೇ ಅದು ಎಂದು ನಕ್ಕ. ಆಮೇಲೆ ನಗಲಿಲ್ಲ. ಇದು ಒಡೆದರೆ ಎಣ್ಣೆ ಮನೆಯ ಅಡಿಗೆ ಹೋಗುತ್ತದೆ, ಪಕ್ಕದ ಚರಂಡಿ ಹಿಡಿದು ಕೆಳಗಿನ ಸಮುದ್ರಕ್ಕೂ ಹೋಗುತ್ತದೆ. ಬೆಂಕಿ ತಗುಲಿದರೆ ಮೊದಲು ಸಿಗುವುದು ಈ ಕಿಟಕಿ, ಈ ಹಿಂಬಾಗಿಲು. ಅಂಕಲ್ ಅವರ ಗಾಲಿಕುರ್ಚಿ ಹೊರಗೆ ಬರಲು ಇದ್ದ ದಾರಿ ಅದೊಂದೇ. ಹೊಸ ಟ್ಯಾಂಕು ಬೇಕು, ಗೋಡೆ, ಕಿಟಕಿ, ಬೇಲಿ, ಚರಂಡಿ ಎಲ್ಲದರಿಂದ ದೂರ, ಕಾಂಕ್ರೀಟಿನ ಮೇಲೆ. ಸುತ್ತ ಓಡಾಡಿ ಅಡಿಯನ್ನೂ ನೋಡಲು ಬರುವಂತಿರಬೇಕು ಎಂದ.

"ಹಾಂ, ಪೇಷಂಟ್ ಮಂಚ ಹಾಕಿದಂಗ," ಎಂದು ಆಂಟಿ ನನ್ನತ್ತ ತಿರುಗಿ ಹೇಳಿದರು.

ಅಂಕಲ್ ಒಪ್ಪಲಿಲ್ಲ. ಹಳೆಯದನ್ನು ಖಾಲಿ ಮಾಡಿದರೆ ಹೊಸದು ಬರುವವರೆಗೆ ಮನೆ ತಣ್ಣಗಾಗುತ್ತಿತ್ತು. ಅವರ ಎದೆಯಲ್ಲಿ ಆಗಲೇ ಕಫ ಕಟ್ಟಿತ್ತು. ಆದರೆ ಅವರು ಹೇಳಿದ್ದು ಚಳಿಯ ಮಾತಲ್ಲ.

"ನಾ ಇರೂತನಕ ಅದಕ್ಕ ಕೈ ಹಚ್ಚಬ್ಯಾಡ್ರಿ. ಅದು ಹ್ವಾದ್ರ ಕಿಟಕ್ಯಾಗ ನಾ ಏನ್ ನೋಡ್ಲಿ?"

ಆಂಟಿ ಕಂಬಳಿ ಸರಿಮಾಡುತ್ತ, ದನಿ ಏರಿಸದೆ ಹೇಳಿದರು: "ಬೆಂಕಿ ಹತ್ತಿದ್ರ ನಿಮ್ಮನ್ನ ಎತ್ಕೊಂಡು ಓಡಾಕ ನನ್ನ ಕೈಲಿ ಆಗಂಗಿಲ್ರಿ."

ಅಂಕಲ್ ಗೋಡೆಯ ಕಡೆ ಮುಖ ಮಾಡಿದರು.  ಕೊನೆಗೆ "ಎಷ್ಟ್ ದಿನ ಹಿಡೀತದ?" ಎಂದು ಗೋಡೆಗೇ ಕೇಳಿದರು. 

ಕೆಲಸ ಮುಗಿಯುವವರೆಗೆ ಅವರನ್ನು ನಮ್ಮ ಮುಂದಿನ ಕೋಣೆಯಲ್ಲಿ ಹೀಟರ್ ಹಚ್ಚಿ ಮಲಗಿಸಿದೆವು. ಟ್ಯಾಂಕು ಎತ್ತುವ ದಿನ ತಾನೂ ನೋಡಬೇಕೆಂದು ಹಟ ಹಿಡಿದರು. ಕಂಬಳಿ ಸುತ್ತಿ, ಟೋಪಿ ಹಾಕಿ, ಕುರ್ಚಿ ತಳ್ಳಿಕೊಂಡು ಹೋದೆ. ಖಾಲಿ ಮಾಡಿದ ಟ್ಯಾಂಕನ್ನು ಹುಲ್ಲಿನ ಮೇಲೆ ಹೊರಳಿಸಿದರು. ಅಡಿಯ ಬಣ್ಣ ಚರ್ಮದ ಹಾಗೆ ಸುಲಿದು ಬಂತು. ಒಳಗೆ ತುಕ್ಕು, ಅದರ ನಡುವೆ ಬೆರಳು ಹೋಗುವಂಥ ತೂತು.  ಆಂಟಿ ಗಂಡನ ಸ್ಟ್ರೋಕ್ ಬಡಿಯದೆ ಉಳಿದಿದ್ದ ಕೈಯನ್ನು ಹಿಡಿದು ಅಲ್ಲಿಗೆ ಮುಟ್ಟಿಸಿದರು.

"ಸಿಸ್ಟರ್," ಎಂದರು ಅಂಕಲ್, "ನನ್ನ ದಿನಾ ಹೊರಳಸ್ತಿ. ಇದನ್ನ ಯಾರೂ ಹೊರಳಸ್ಲಿಲ್ಲ ನೋಡು."

ಈ ಮಾತು ನಾನೇ ಕೇಳಿದೆನೋ, ಆಮೇಲೆ ಆಂಟಿ ಹೇಳಿದ್ದೋ, ಈಗ ಪ್ರಮಾಣ ಮಾಡಿ ಹೇಳಲಾರೆ. ಬಹಳ ಚೆನ್ನಾಗಿರುವ ಮಾತು, ಅದಕ್ಕೇ ಅನುಮಾನ.

ಹೊಸ ಟ್ಯಾಂಕು ಹಿತ್ತಲ ಮೂಲೆಗೆ ಬಂತು. ಮನೆ ಬೆಚ್ಚಗಾಯಿತು. ಕಿಟಕಿಯಲ್ಲಿ ಬೇಲಿ ಮಾತ್ರ ಕಾಣುತ್ತಿತ್ತು. ಬೆಳಗಿನ ಲೆಕ್ಕ ನಿಂತಿತು. ಅಂಕಲ್ ಮಾತೂ ಕಡಿಮೆ ಮಾಡಿದರು. ಆಂಟಿ ತಾವೇ ಹಿತ್ತಲಿಗೆ ಹೋಗಿ ನೋಡಿಬಂದು ಮುಳ್ಳು ಎಲ್ಲಿದೆ ಎಂದು ಹೇಳಿದರೆ "ಹ್ಞೂಂ" ಎನ್ನುತ್ತಿದ್ದರಷ್ಟೇ. ಮುಂದಿನ ದಸರೆಗೆ ಮೊದಲೇ ತೀರಿಕೊಂಡರು. ಅಂದು ಕೊನೆಯ ಸಲ ಮೈ ಒರೆಸಲು ಆಂಟಿಗೆ ನಾನು ನೆರವಾದೆ. ಮಗ್ಗುಲಿಗೆ ಹೊರಳಿಸಿ ಬೆನ್ನು ತೋರಿಸಿದರು. "ನೋಡ್ರಿ, ಒಂದ್ ಹುಣ್ಣಿಲ್ಲ." ಅಳುತ್ತಿದ್ದರೋ ಇಲ್ಲವೋ… ಆ ಬೆನ್ನು ನೆನಪಿದೆ. ನುಣುಪಾಗಿ, ಇನ್ನೂ ಬೆಚ್ಚಗೆ.

ಆಮೇಲೆ ಆಂಟಿ ಮನೆ ಮಾರಿ ಮಗಳ ಊರಿಗೆ ಹೋದರು. ಈಗಿನವರು ಕರೆಂಟಿನಿಂದ ಮನೆ ಬೆಚ್ಚಗಿಡುವ ಹೀಟ್ ಪಂಪ್ ಹಾಕಿಸಿ ಆ ಟ್ಯಾಂಕನ್ನೂ ತೆಗೆಸಿದ್ದಾರೆ. ಹಿತ್ತಲ ಮೂಲೆಯಲ್ಲಿ ಕಾಂಕ್ರೀಟ್ ಚಪ್ಪಡಿ ಉಳಿದಿದೆ. ಅದರ ಮೇಲೆ ಅವರು ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇಡುತ್ತಾರೆ.

ಹೋದ ಚಳಿಗಾಲ ಆಂಟಿಯ ಮಗಳು ಫೋನ್ ಮಾಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಮ್ಮ ಕೊನೆಯ ತಿಂಗಳುಗಳಲ್ಲಿ ಏಳಲಾಗದೆ ವೃದ್ಧಾಶ್ರಮದಲ್ಲಿದ್ದಳು, ಎಲ್ಲರೂ ಚೆನ್ನಾಗಿ ನೋಡಿಕೊಂಡರು, ಶಾಂತವಾಗಿ ಹೋದಳು ಎಂದಳು. ಒಳ್ಳೆಯದಾಯಿತಮ್ಮ ಎಂದೆ. ಇವತ್ತು, ವಾಸನೆ ಬಿಡದ ಈ ಕೈಯನ್ನು ಮತ್ತೆ ಮತ್ತೆ ತೊಳೆಯುತ್ತ, ಕೇಳಬೇಕಿದ್ದದ್ದು ನೆನಪಾಯಿತು… ದಿನಾ ಅವರನ್ನು ಯಾರು ಹೊರಳಿಸುತ್ತಿದ್ದರು?