ಪೂಜೆಗೆ ಕೂತ ಡೆಕ್ಲನ್‌ರ ಕ್ಯಾಮೆರಾ

2016ರ ಅಕ್ಟೋಬರ್ 10, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಅಡಿಲೇಡಿನ ಬೆಡ್‌ಫರ್ಡ್ ಪಾರ್ಕಿನಲ್ಲಿ ನಮ್ಮ ಬಾಡಿಗೆ ಮನೆಯ ಅಡುಗೆಕೋಣೆ. ಇದ್ದವರು ಮೂವರು: ನಾನು, ಆಸ್ಪತ್ರೆಯ ಪಾಳಿ ಮುಗಿಸಿ ಬಂದ ನನ್ನ ಮಗಳು ಸುಮಾ, ಪಕ್ಕದ ಮನೆಯ ಐರಿಷ್ ಚಿತ್ರನಿರ್ದೇಶಕ ಡೆಕ್ಲನ್. ಕುಕ್ಕರ್, ಮಿಕ್ಸಿ, ಸುಮಾಳ ಸ್ಟೆತಸ್ಕೋಪುಗಳ ನಡುವೆ ಹೂವು ಮುಡಿದು ಕೂತಿದ್ದ ತಮ್ಮ ಕ್ಯಾಮೆರಾವನ್ನು ಅವರು ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದರು.

ಅವರು ಅದರ ಮೇಲಿನ ಕುಂಕುಮ ತೋರಿಸಿ ನನ್ನನ್ನು ಕೇಳಿದರು, “ಮೇಟ್ರನ್, ಇದಕ್ಕೆ ಗಾಯ ಆಗಿದೆಯಾ?” ಅವರದು ಇಂಗ್ಲಿಷ್, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಗಾಯ ಅಲ್ಲ, ಆಯುಧಪೂಜೆ. ಇವತ್ತು ಅದಕ್ಕೆ ರಜೆ. ನಾಳೆ ಬೆಳಿಗ್ಗೆವರೆಗೆ ಮುಟ್ಟೋ ಹಾಗಿಲ್ಲ.”

“ಅಮ್ಮಾ! ಅದು ಅವರ ಕ್ಯಾಮೆರಾ, ನಮ್ಮ ಕುಕ್ಕರ್ ಅಲ್ಲ. ಕೇಳ್ದೇನೇ ಇಟ್ಬಿಟ್ಯಾ?” ಎಂದಳು ಸುಮಾ.

ಹಿಂದಿನ ಸಂಜೆ ನಮ್ಮ ಜಗಲಿಯಲ್ಲಿ ಚಿತ್ರೀಕರಣದ ಅಭ್ಯಾಸ ಮುಗಿಸಿ ಅವರು ಅದನ್ನು ಬಿಟ್ಟುಹೋಗಿದ್ದರು. ಮನೆಯಲ್ಲಿರುವ ದುಡಿಯುವ ಸಾಮಾನೆಲ್ಲ ಪೂಜೆಗೆ ಕೂರಬೇಕೆಂಬುದು ನನಗೆ ಚಿಕ್ಕಂದಿನಿಂದ ಬಂದ ನಿಯಮ. ಕೇಳಬೇಕೆಂದು ಹೊಳೆಯಲೇ ಇಲ್ಲ.

ದಾವಣಗೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದವಳು ನಾನು. ಮಗಳ ಕೆಲಸದ ಬೆನ್ನು ಹಿಡಿದು ಐದು ವರ್ಷದಲ್ಲಿ ಮೂರು ಊರು ಕಂಡೆ. ಪರ್ತ್‌ನಲ್ಲಿ ಸಂಜೆ ಐದಕ್ಕೇ ಅಂಗಡಿಗಳ ಬಾಗಿಲು ಬಿದ್ದು, ಬೀದಿಯಲ್ಲಿ ಒಂದು ನರಪಿಳ್ಳೆ ಕಾಣದೆ ಗಾಬರಿಯಾಗಿತ್ತು. ನಮ್ಮ ಮಂಡಿಪೇಟೆ ಆ ಹೊತ್ತಿಗೆ ಆಗಷ್ಟೇ ಕಣ್ಣು ಬಿಡುತ್ತದೆ. ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ದೋಣಿ ಹತ್ತಿ ಪೇಟೆಗೆ ಹೋಗುವುದನ್ನು ಕಲಿತೆ. ‘ಆರ್ವೊ’ ಎಂದರೆ ಮಧ್ಯಾಹ್ನದ ನಂತರದ ಹೊತ್ತು ಎಂದೂ ಕಲಿತೆ. ಕಲಿತು ಮುಗಿಯುವಷ್ಟರಲ್ಲಿ ಮತ್ತೆ ಪೆಟ್ಟಿಗೆ ಕಟ್ಟಿದ್ದಾಯಿತು. ಈಗ ಅಡಿಲೇಡ್. ಪಾತ್ರೆಗಳನ್ನು ಜೋಡಿಸಿಟ್ಟೆ, ಆದರೆ ಪೆಟ್ಟಿಗೆಗಳನ್ನು ಎಸೆಯಲಿಲ್ಲ.

ಡೆಕ್ಲನ್ ನಡೆದದ್ದೂ ಇದೇ ದಾರಿ, ನಿಧಾನವಾಗಿ. ಇಪ್ಪತ್ತಾರನೇ ವಯಸ್ಸಿನಲ್ಲಿ ಪರ್ತ್ ಬಳಿ ಹಡಗಿನಿಂದಿಳಿದು ಬಂದರಿನಲ್ಲಿ ಮೂಟೆ ಹೊತ್ತರು, ಆಮೇಲೆ ಟೀವಿಯವರ ಕ್ಯಾಮೆರಾ ಹೊತ್ತರು. ಬ್ರಿಸ್ಬೇನಿನಲ್ಲಿ ನೆರೆ ಇಳಿದಾಗ, ಒದ್ದೆಯಾದ ಮದುವೆ ಫೋಟೋಗಳನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸುತ್ತಿದ್ದ ಹೆಂಗಸರನ್ನು ಚಿತ್ರಿಸಿ ಹೆಸರು ಮಾಡಿದರು. ಅಡಿಲೇಡಿಗೆ ಬಂದು ಸ್ಯಾಲಿಸ್‌ಬರಿಯ ಕಾರ್ಖಾನೆ ಕೆಲಸಗಾರರ ಮೇಲೆ ಸಾಕ್ಷ್ಯಚಿತ್ರ ಮಾಡಿದರು. ಎಲ್ಲವೂ ಬೇರೆ ದೇಶಗಳಿಂದ ಬಂದವರ ಕಥೆಗಳೇ. ಬಿಟ್ಟುಬಂದ ತಮ್ಮ ಊರನ್ನು ಒಮ್ಮೆಯೂ ತೋರಿಸಿರಲಿಲ್ಲ, ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ.

ಈಗ ಆ ಊರಿನವರೇ ಅವರ ಚಿತ್ರಗಳನ್ನೆಲ್ಲ ತೋರಿಸಲು ಹೊರಟಿದ್ದರು. ತಮ್ಮ ಬದುಕಿನ ಬಗ್ಗೆ ತಾವೇ ಮಾತಾಡುವ ಮೂರು ನಿಮಿಷದ ಚಿತ್ರವನ್ನು ಡೆಕ್ಲನ್ ಸೋಮವಾರ ಮುಗಿಯುವುದರೊಳಗೆ ಕಳಿಸಬೇಕಿತ್ತು. ಅವರ ಕಣ್ಣು ಮಂಜಾಗಿತ್ತು. ಹಾಗಾಗಿ ಎರಡು ತಿಂಗಳಿಂದ ಲೆನ್ಸಿನಿಂದ ಅವರ ಮುಖದವರೆಗಿನ ದೂರವನ್ನು ಟೇಪಿನಲ್ಲಿ ಅಳೆದು, ಚಿತ್ರ ಸ್ಪಷ್ಟವಾಗಿ ಬರುವಂತೆ ಲೆನ್ಸಿನ ಬಳೆಯನ್ನು ಆ ಅಂಕಿಗೆ ತಿರುಗಿಸುವ ಕೆಲಸ ನನ್ನದು. ಸಿನಿಮಾದವರ ಹಳೆಯ ಪದ್ಧತಿಯಂತೆ. ಔಷಧಿ ಅಳೆದ ಕೈಗೆ ಇದು ಕಷ್ಟವಲ್ಲ. ಈ ದೇಶದಲ್ಲಿ ಮೊದಲ ಸಲ ಯಾರೋ ನನ್ನನ್ನು ಇಷ್ಟು ಗಂಟೆಗೆ ಬನ್ನಿ ಎಂದು ಕೆಲಸಕ್ಕೆ ಕರೆಯುತ್ತಿದ್ದರು.

“ಟೇಪ್ ಎಲ್ಲಿ?” ಎಂದರು ಡೆಕ್ಲನ್.

“ಅದೂ ಪೂಜೆಗೆ ಕೂತಿದೆ.”

ಸುಮಾ ಹಣೆ ಚಚ್ಚಿಕೊಂಡಳು. “ಫೋನಲ್ಲೇ ತೆಗೀತೀನಿ ಬನ್ನಿ, ಅಂಕಲ್.”

“ನಲವತ್ತು ವರ್ಷ ಸಿನಿಮಾ ಮಾಡಿ, ಕೊನೆಗೆ ಊರಿಗೆ ಸೆಲ್ಫಿ ಕಳಿಸಲಾ?”

ನನಗೆ ನಾಚಿಕೆಯಾಯಿತು. “ತಪ್ಪು ನನ್ನದು. ತಗೊಳ್ಳಿ,” ಎಂದು ಕ್ಯಾಮೆರಾದ ಮೇಲಿನ ಹೂವು ತೆಗೆಯಲು ಕೈ ಚಾಚಿದೆ.

“ಬೇಡ, ಇರಲಿ,” ಎಂದು ಅವರು ಕುರ್ಚಿ ಎಳೆದು ಕೂತರು. “ನಮ್ಮ ಕಡೆ ಸೇಂಟ್ ಮಾರ್ಟಿನ್ ಹಬ್ಬದ ದಿನ ಚಕ್ರ ತಿರುಗಬಾರದು. ರಾಟೆ, ಗಾಡಿ, ಯಾವುದೂ. ನಾನು ಊರು ಬಿಟ್ಟಿದ್ದು ಅವತ್ತು. ಗಾಡಿ ಹೂಡೋಕೆ ಅಮ್ಮ ಬಿಡಲಿಲ್ಲ. ಒಂದು ದಿನ ತಡೆದು ಹೋಗು ಅಂದಳು. ಇದೆಂಥಾ ಗೊಡ್ಡು ಪದ್ಧತಿ ಅಂತ ಕೂಗಾಡಿ, ಪೆಟ್ಟಿಗೆ ಹೊತ್ಕೊಂಡು ನಡೆದೇಬಿಟ್ಟೆ. ಬಾಗಿಲಲ್ಲಿ ನಿಂತಿದ್ದಳು. ನಾನು ತಿರುಗಿ ನೋಡಲಿಲ್ಲ. ಆಮೇಲೆ ನೋಡೋಕೆ ಅವಳೂ ಉಳಿಯಲಿಲ್ಲ.” ಕ್ಯಾಮೆರಾದ ಕಡೆ ತಿರುಗಿ, “ಈ ಸಲ ಒಂದು ದಿನ ತಡೀತೀನಿ. ಚಿತ್ರ ತಲುಪದಿದ್ದರೆ ಬೇಡ,” ಎಂದರು.

ನಾನು ಸುಮಾಳನ್ನು ಕೇಳಿದೆ, “ಅವರೂರಲ್ಲಿ ಈಗೆಷ್ಟು ಗಂಟೆ?”

ಅವಳು ಫೋನ್ ನೋಡಿದಳು. “ಮಧ್ಯರಾತ್ರಿ ಕಳೆದು ಮುಕ್ಕಾಲು ಗಂಟೆ.”

ಅಂದರೆ ಅಲ್ಲಿ ಸೋಮವಾರ ಈಗಷ್ಟೇ ಹುಟ್ಟಿತ್ತು. ಅದು ಮುಗಿಯುವುದು ನಮ್ಮ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ. “ನಾಳೆ ಆರಕ್ಕೆ ಮಂಗಳಾರತಿ, ಆರೂವರೆಗೆ ಚಿತ್ರೀಕರಣ, ಎಂಟರೊಳಗೆ ಕಳಿಸೋದು,” ಎಂದೆ.

ಡೆಕ್ಲನ್ ನಕ್ಕರು. “ಈ ಲೆಕ್ಕ ನನಗೂ ಬರುತ್ತಿತ್ತು. ಅಲ್ಲಿ ಫೋನ್ ಎತ್ತುವವರು ಇಲ್ಲವಾದ ಮೇಲೆ ಮರೆತೆ.”

ದಾವಣಗೆರೆಯಲ್ಲಿ ನನ್ನ ಫೋನ್ ಎತ್ತುವವಳು ಈಗ ಅಕ್ಕ ಒಬ್ಬಳೇ.

ಸಂಜೆ ಐದೂವರೆಗೆ ಚಾಕ್‌ಪೀಸ್ ಹಿಡಿದು ಅವರ ಮನೆಗೆ ಹೋದೆ. ಟೇಪ್ ಇಲ್ಲದ್ದರಿಂದ ಮೊಳ ಹಾಕಿದೆ. ಕೈಗೆ ಪೂಜೆ ಮಾಡಿರಲಿಲ್ಲವಲ್ಲ. ಕ್ಯಾಮೆರಾ ನಿಲ್ಲುವ ಜಾಗವನ್ನು ಅಂಗಳದಲ್ಲಿ ಗುರುತಿಸಿ ಕೇಳಿದೆ, “ನೀವೆಲ್ಲಿ ನಿಲ್ತೀರಿ? ಒಳಗಾ, ಹೊರಗಾ?”

ಅವರು ಬಹಳ ಹೊತ್ತು ಬಾಗಿಲನ್ನೇ ನೋಡಿ, “ಅಮ್ಮ ನಿಂತಿದ್ದ ಕಡೆ,” ಎಂದರು.

ಹೊಸ್ತಿಲ ಮೇಲೆ ನಿಲ್ಲಬಾರದೆಂದು ನಾನು ಮಗಳಿಗೂ ವಾರ್ಡಿನ ನರ್ಸುಗಳಿಗೂ ಜೀವನವಿಡೀ ಹೇಳಿದವಳು. ಮಂಡಿಯೂರಿ, ಹೊಸ್ತಿಲ ಮೇಲೆಯೇ ಗೆರೆ ಎಳೆದೆ. ಕ್ಯಾಮೆರಾದಿಂದ ಐದು ಮೊಳ. ಗಂಟೆ ಆರು ಹತ್ತು. ಮನೆಗೆ ಬಂದು ಚಾಕ್‌ಪೀಸಿನ ಪುಡಿ ಹತ್ತಿದ ಕೈ ತೊಳೆದೆ.