ಇದ್ದಷ್ಟನ್ನೇ ಓದಿ

ಸುಳ್ಯದ ಸೆಕೆಯಲ್ಲಿ ಉಣ್ಣೆಯ ಉಂಡೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂತು ನೋಡಿ. ನನ್ನ ಮೊದಲ ಸಾರ್ವಜನಿಕ ಸೇವೆಯ ಕಷ್ಟ ಆಗ ನಿಮಗೂ ಸ್ವಲ್ಪ ಅರ್ಥವಾದೀತು. ಬೆವರಿದ ಬೆರಳಿಗೆ ಎಳೆ ಅಂಟುತ್ತದೆ, ಕಡ್ಡಿ ಜಾರುತ್ತದೆ, ಎಣಿಕೆ ತಪ್ಪುತ್ತದೆ, ತಪ್ಪಿದ್ದು ಎಲ್ಲಿ ಎಂದು ಹುಡುಕುವಷ್ಟರಲ್ಲಿ ಉಂಡೆಯೇ ಉರುಳಿ ಬೆಂಚಿನ ಕೆಳಗೆ ಸೇರಿರುತ್ತದೆ. ಚಳಿಯೆಂದರೆ ಬೆಳಗಿನ ಜಾವ ಹೊದಿಕೆಯನ್ನು ಕಿವಿಯವರೆಗೆ ಎಳೆದುಕೊಳ್ಳುವುದು ಎಂದಷ್ಟೇ ಬಲ್ಲ ನಾವು, ಕಂಡರಿಯದ ಹಿಮಕ್ಕೆ ಹೆದರಿ, ಕಂಡರಿಯದ ಮೈಗಳ ಅಳತೆಯನ್ನು ಊಹಿಸಿ, ಸ್ವೆಟರು ಹೆಣೆಯುತ್ತಿದ್ದೆವು. ಅದು ಅರವತ್ತೆರಡನೆಯ ಇಸವಿ. ಉತ್ತರದ ಗಡಿಯಲ್ಲಿ ಯುದ್ಧ ಶುರುವಾಗಿತ್ತು. ನಾನು ಹೆಣೆದ ಮೊದಲ ಸ್ವೆಟರಿನ ಒಂದು ತೋಳು ಇನ್ನೊಂದಕ್ಕಿಂತ ಎರಡು ಬೆರಳು ಉದ್ದವಾಗಿತ್ತು. ನಮ್ಮ ಮುಖ್ಯೋಪಾಧ್ಯಾಯಿನಿ ಅದನ್ನು ಎತ್ತಿ ಹಿಡಿದು ನೋಡಿ, "ಇರಲಿ ಬಿಡಿ, ಬಂದೂಕು ಹಿಡಿಯುವ ಕೈಗೆ ಸ್ವಲ್ಪ ಉದ್ದ ಇದ್ದರೆ ಒಳ್ಳೆಯದೇ" ಎಂದು ಮಡಚಿಟ್ಟರು.

ಆಗ ನನಗೆ ಇಪ್ಪತ್ತಮೂರು ವರ್ಷ. ಹೆಣ್ಣುಮಕ್ಕಳ ಶಾಲೆಯಲ್ಲಿ ಅಧ್ಯಾಪಿಕೆ. ಊರಿನ ಹಿರಿಯರು ಸೇರಿ ಸೈನಿಕರ ಕುಟುಂಬಗಳಿಗಾಗಿ ಒಂದು ಕ್ಷೇಮ ಸಮಿತಿ ಕಟ್ಟಿದರು. ಅಧ್ಯಕ್ಷರಾದವರು ಒಬ್ಬ ವಕೀಲರು, ತುಂಬ ಒಳ್ಳೆಯವರು, ಮೈಕು ಇಲ್ಲದೆಯೂ ಪೇಟೆಯ ಆಚೆ ತುದಿಗೆ ಕೇಳುವ ಹಾಗೆ ಮಾತಾಡಬಲ್ಲವರು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಅವರು ನನ್ನನ್ನು ಕಾರ್ಯದರ್ಶಿ ಮಾಡಿದರು. ಸೈನ್ಯದಲ್ಲಿರುವವರ ಮನೆಗಳ ಪಟ್ಟಿಯನ್ನು ಪುತ್ತೂರಿನ ತಾಲೂಕು ಕಚೇರಿಯಿಂದ ತಂದೆ. ಆಲೆಟ್ಟಿ, ಐವರ್ನಾಡು, ಸಂಪಾಜೆ, ಕಡಬ ಎಂದು ಮನೆಗಳು ಚದುರಿಹೋಗಿದ್ದವು. ಒಬ್ಬ ಸಿಪಾಯಿಯ ಹೆಂಡತಿಗೆ ಇನ್ನೊಬ್ಬಳು ಇದ್ದಾಳೆಂದೇ ಗೊತ್ತಿರಲಿಲ್ಲ. ಹಾಗಾಗಿ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವರೆಲ್ಲ ನಮ್ಮಲ್ಲಿಗೆ ಬಂದು ಹೆಣಿಗೆಗೆ ಸೇರಲಿ ಎಂದು ಏರ್ಪಾಡಾಯಿತು. ಸಂತೆಗೆ ಹೇಗೂ ಬರುವವರು ಬಂದರು. ಬಾರದವರು ಅವರ ಮಾತು ಕೇಳಿ ಮುಂದಿನ ವಾರ ಬಂದರು.

ಏನು ಸಹಾಯ ಮಾಡಬೇಕೆಂಬ ವಿಷಯದಲ್ಲಿ ಸಮಿತಿಗೆ ಬಹಳ ಯೋಚನೆಗಳಿದ್ದವು. ಆದರೆ ಆ ಹೆಂಗಸರಿಗೆ ಬೇಕಾಗಿದ್ದದ್ದು ಒಂದೇ: ಬಂದ ಕಾಗದವನ್ನು ಓದಿ ಹೇಳುವವರು, ಹೋಗುವ ಕಾಗದವನ್ನು ಬರೆದು ಕೊಡುವವರು. ಮೂರು ಭಾಷೆ ಲೀಲಾಜಾಲವಾಗಿ ಆಡುವ ನಾಲಿಗೆಗಳು ಅಲ್ಲಿದ್ದವು, ಒಂದರ ಅಕ್ಷರವನ್ನಾದರೂ ಬಲ್ಲ ಕಣ್ಣು ಒಂದೆರಡೇ. ಮನೆಯಲ್ಲಿ ಓದು ಬಲ್ಲ ಮಾವನೋ ಮೈದುನನೋ ಇದ್ದರೂ, ಗಂಡನ ಕಾಗದವನ್ನು ಮಾವನ ಬಾಯಿಂದ ಕೇಳುವುದರ ಸಂಕಟ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ನಾನು ಕಾಗದ ಓದುವವಳಾದೆ. ಇನ್ನೊಬ್ಬರ ಪ್ರೀತಿಯನ್ನು ನನ್ನ ದನಿಯಲ್ಲಿ ಓದುವ ಈ ಕೆಲಸದಲ್ಲಿ ಒಂದು ಬಗೆಯ ಹೆಮ್ಮೆ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಮೂಲೆಯ ಬೆಂಚಿನಲ್ಲಿ ನಾನು ಕೂತರೆ ಒಬ್ಬೊಬ್ಬರೇ ಬಂದು ಪಕ್ಕದಲ್ಲಿ ಕೂರುತ್ತಿದ್ದರು. ನಾನು ದನಿ ತಗ್ಗಿಸಿ ಓದುತ್ತಿದ್ದೆ. ಅವರ ಮುಖ ಬೆಳಗುವುದನ್ನು ಎಲ್ಲರಿಗಿಂತ ಮೊದಲು ನಾನೇ ಕಾಣುತ್ತಿದ್ದೆ.

ಅವರಲ್ಲಿ ಇಬ್ಬರ ಮಾತನ್ನು ಹೇಳಬೇಕು. ಒಬ್ಬಳು ಐವರ್ನಾಡಿನ ದೇವಕ್ಕ. ಸುಮಾರು ನನ್ನದೇ ಪ್ರಾಯ, ಮದುವೆಯಾಗಿ ಮೂರು ವರ್ಷ, ಅದರಲ್ಲಿ ಗಂಡನ ಜೊತೆ ಕಳೆದದ್ದು ಎರಡು ರಜೆ. ಗಂಡ ಕುಶಾಲಪ್ಪ ಗಡಿಯಲ್ಲೇ ಇದ್ದ. ಇನ್ನೊಬ್ಬರು ಸುಳ್ಯ ಪೇಟೆಯ ನೆಬೀಸಮ್ಮ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಬ್ಯಾರಿ ಮುಸ್ಲಿಮರ ಮನೆತನದವರು. ಅವರ ಗಂಡ ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದರು. ಮನೆಯಲ್ಲಿ ಅರೆಭಾಷೆ ಆಡುವ ದೇವಕ್ಕನೂ ಬ್ಯಾರಿ ಭಾಷೆಯ ನೆಬೀಸಮ್ಮನೂ ತುಳುವಿನಲ್ಲಿ ಸಂಧಿಸಿ ಬಹಳ ಬೇಗ ಒಂದೇ ಚಾಪೆಯವರಾದರು.

ಒಂದು ಶನಿವಾರ ದೇವಕ್ಕ ಸಾಮಾನ್ಯ ಕಾಗದವಲ್ಲದ ಕಾಗದ ತಂದಳು. ಉದ್ದ ಲಕೋಟೆ, ಒಳಗೆ ಇಂಗ್ಲಿಷಿನಲ್ಲಿ ಟೈಪು ಮಾಡಿದ ನಾಲ್ಕು ಸಾಲು. ಎರಡು ತಿಂಗಳಿನಿಂದ ಗಂಡನ ಸುದ್ದಿ ಇರಲಿಲ್ಲ.

"ಸರ್ಕಾರದ್ದು ಅಂತ ಪೋಸ್ಟಿನವರು ಹೇಳಿದ್ರು. ಎಂತ ಬರೆದಿದ್ದಾರೆ ಟೀಚರೇ?" ಎಂದಳು. ಆವತ್ತು ಅವಳು ಬೆಂಚಿನಲ್ಲಿ ಕೂರಲಿಲ್ಲ, ನಿಂತೇ ಇದ್ದಳು.

ಕುಶಾಲಪ್ಪ ಕಾಣೆಯಾಗಿದ್ದಾನೆ, ಹೆಚ್ಚಿನ ವಿವರ ಸಿಕ್ಕ ಮೇಲೆ ತಿಳಿಸುತ್ತೇವೆ ಎಂದು ಅದರಲ್ಲಿತ್ತು. ಎರಡು ಸಲ ಓದಿದೆ. ತಲೆಯೆತ್ತಿದರೆ ಎದುರಿಗೆ ಅವಳ ಮುಖ. ಅವಳ ಹಿಂದೆ ಹೆಣಿಗೆ ನಿಲ್ಲಿಸಿ ಕೂತಿದ್ದ ಅಷ್ಟೂ ಹೆಂಗಸರ ಮುಖ. ನನ್ನ ಬಾಯಿಂದ ಬಂದದ್ದು, "ಗಾಯವಾಗಿದೆಯಂತೆ. ಆಸ್ಪತ್ರೆಯಲ್ಲಿ ಇದ್ದಾರಂತೆ. ಹೆದರುವಂಥದ್ದೇನಿಲ್ಲ" ಎಂಬ ಮಾತು.

ಯಾಕೆ ಹಾಗೆಂದೆ ಎಂದು ಎಷ್ಟೋ ವರ್ಷ ನನ್ನನ್ನೇ ಕೇಳಿಕೊಂಡಿದ್ದೇನೆ. ಕರುಣೆ ಎಂದು ಮೊದಲು ಅಂದುಕೊಂಡೆ. ಕರುಣೆಯ ಸೆರಗಿನ ಮರೆಯಲ್ಲಿ ನನ್ನ ಹೇಡಿತನ ನಿಂತಿತ್ತೆಂದು ನಿಧಾನಕ್ಕೆ ತಿಳಿಯಿತು. ಅವಳ ಅಳುವನ್ನು ನೋಡುವ ಧೈರ್ಯ ನನಗಿರಲಿಲ್ಲ, ಅಷ್ಟೇ.

ಸುಳ್ಳಿಗೆ ಒಂದು ಗುಣವುಂಟು. ಅದು ಒಂಟಿಯಾಗಿ ಬಾಳುವುದಿಲ್ಲ. ದೇವಕ್ಕ ಅಲ್ಲೇ ಕೂತು ಆಸ್ಪತ್ರೆಗೆ ಕಾಗದ ಬರೆಸಿದಳು. ಮುಂದಿನ ಶನಿವಾರ ಇನ್ನೊಂದು. ಅದರ ಮುಂದಿನ ವಾರ ಮತ್ತೊಂದು. ಗಾಯ ಯಾವ ಕಾಲಿಗೆ, ಗಂಜಿ ಕೊಡುತ್ತಾರೋ ಇಲ್ಲವೋ, ಕಪಿಲೆ ಹಸು ಕರು ಹಾಕಿದೆ, ಮಾವನ ಕೆಮ್ಮು ಕಡಿಮೆಯಾಗಿದೆ. ಅವಳು ಹೇಳಿದ್ದನ್ನೆಲ್ಲ ದುಂಡಗೆ ಬರೆದೆ. ವಿಳಾಸವಿಲ್ಲದ ಆ ಮೂರು ಕಾಗದಗಳು ನನ್ನ ಮೇಜಿನ ಖಾನೆಯಲ್ಲಿ ಹಾಜರಿ ಪುಸ್ತಕದ ಕೆಳಗೆ ಮಲಗಿದವು.

ನಾಲ್ಕನೆಯ ವಾರ, ಶನಿವಾರವಲ್ಲದ ಒಂದು ದಿನ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ನೆಬೀಸಮ್ಮ ಒಬ್ಬರೇ ಶಾಲೆಗೆ ಬಂದರು. ಜಗಲಿಯ ಕಂಬಕ್ಕೆ ಒರಗಿ ನಿಂತು, ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಪೀಠಿಕೆ ಏನೂ ಇಲ್ಲದೆ ಕೇಳಿದರು.

"ಟೀಚರೇ, ದೇವಕ್ಕನ ಕಾಗದದಲ್ಲಿ ಇದ್ದದ್ದು ಎಂತ?"

"ಹೇಳಿದೆನಲ್ಲ, ನೆಬೀಸಮ್ಮ."

"ನೀವು ಹೇಳಿದ್ದು ಕೇಳಿದ್ದೇನೆ. ಓದುವಾಗ ನಿಮ್ಮ ಕೈ ನೋಡಿದ್ದೇನೆ. ಕೈ ಬೇರೆ ಹೇಳ್ತಾ ಇತ್ತು."

ನಾನು ಹೇಳಿಬಿಟ್ಟೆ. ಹೇಳುತ್ತ ಅತ್ತೆ. ಅವರು ಸಮಾಧಾನ ಮಾಡುತ್ತಾರೆಂದು ಒಳಗೊಳಗೇ ನಿರೀಕ್ಷಿಸಿದ್ದೆನೋ ಏನೋ. ನೆಬೀಸಮ್ಮ ಸಮಾಧಾನ ಮಾಡಲಿಲ್ಲ. ಏರುದನಿಯಲ್ಲಿ ಬೈಯಲೂ ಇಲ್ಲ.

"ನನ್ನ ಗಂಡನೂ ಅಲ್ಲೇ ಲಾರಿ ಓಡಿಸುದು. ನಾಳೆ ನನಗೆ ಅಂಥ ಕಾಗದ ಬಂದ್ರೆ ನೀವು ಹೀಗೇ ಓದುದಾ? ಅದಿರಲಿ. ಅವರು ಚೆನ್ನಾಗಿದ್ದಾರೆ ಅಂತಲೇ ಕಾಗದ ಬಂತು ಅಂತಿಟ್ಟುಕೊಳ್ಳಿ. ನೀವು ಓದಿದ್ರೆ ಅದನ್ನಾದ್ರೂ ನಾನು ನಂಬುದು ಹೇಗೆ ಹೇಳಿ?"

ಒಂದು ಕೆಟ್ಟ ಸುದ್ದಿಯನ್ನು ಮರೆಮಾಡಿದ್ದೇನೆಂದು ತಿಳಿದಿದ್ದ ನಾನು ನಿಜವಾಗಿ ಅಷ್ಟೂ ಮನೆಗಳ ಒಳ್ಳೆಯ ಸುದ್ದಿಗಳನ್ನು ಕೆಡಿಸಿದ್ದೆ.

"ನಾಳೆ ಐವರ್ನಾಡಿಗೆ ಹೋಗುವ. ನಾನೂ ಬರ್ತೇನೆ" ಎಂದರು ಅವರು. ನಾಳೆ ಬುಧವಾರ, ಶಾಲೆಯಿದೆ ಎಂದೆ. ಅವರು, "ಯಾವ ವಾರವಾದ್ರೂ ಆಗಲಿ, ನಾಳೆಯೇ ಹೋಗುದು" ಎಂದರು. ನಾನು ರಜೆ ಬರೆದುಕೊಟ್ಟೆ.

ಬಸ್ಸಿಳಿದು ಬಹಳ ದೂರ ನಡೆಯಬೇಕಿತ್ತು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟಿ ಕಟ್ಟಿ ಮುರಿದೆ. ದೇವಕ್ಕ ಅಂಗಳದಲ್ಲಿ ಭತ್ತ ಹರಡುತ್ತಿದ್ದಳು. ನಮ್ಮಿಬ್ಬರನ್ನು ಒಟ್ಟಿಗೆ ಕಂಡವಳೇ ಕೈಯಲ್ಲಿದ್ದ ಹಲಗೆಯನ್ನು ಗೋಡೆಗೆ ಒರಗಿಸಿ ನಿಂತಳು. ಕಟ್ಟಿದ ಮಾತೆಲ್ಲ ಮರೆತುಹೋಯಿತು. "ದೇವಕ್ಕ, ನಾನು ಆವತ್ತು ಸುಳ್ಳು ಓದಿದೆ. ಅದರಲ್ಲಿ ಆಸ್ಪತ್ರೆ ಅಂತ ಇರಲಿಲ್ಲ. ಕಾಣೆಯಾಗಿದ್ದಾರೆ ಅಂತ ಇತ್ತು" ಎಂದೆ.

ಅವಳು ಅಳಲಿಲ್ಲ. ಒಳಗೆ ಹೋಗಿ ಲಕೋಟೆಯನ್ನು ತಂದಳು. "ಯಾವುದು ಆ ಶಬ್ದ? ತೋರಿಸಿ."

ತೋರಿಸಿದೆ. ಅವಳು ಆ ಅಕ್ಷರಗಳ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

"ಕಾಣೆ ಅಂದ್ರೆ ಸತ್ತದ್ದು ಅಂತ ಅಲ್ಲ ಅಲ್ವಾ?"

"ಅಲ್ಲ," ಎಂದೆ. ಅಲ್ಲಿಗೆ ನಿಲ್ಲಿಸಿಬಿಡಬೇಕೆಂಬ ಆಸೆ ಮತ್ತೆ ನಾಲಿಗೆಯ ತುದಿಗೆ ಬಂತು. ನೆಬೀಸಮ್ಮನ ಕಡೆ ನೋಡಿದೆ. "ಬದುಕಿದ್ದಾರೆ ಅಂತಲೂ ಅಲ್ಲ, ದೇವಕ್ಕ. ಗೊತ್ತಿಲ್ಲ ಅಂತ."

"ನನಗೆ ಸಂಶಯ ಇತ್ತು," ಎಂದಳು ಅವಳು. "ಯಾವ ಊರಿನ ಆಸ್ಪತ್ರೆ ಅಂತ ನೀವು ಒಮ್ಮೆಯೂ ಹೇಳಲಿಲ್ಲ. ಕೇಳಲಿಕ್ಕೆ ನನಗೂ ಹೆದರಿಕೆ." ಆಮೇಲೆ ನಾನು ಮರಳಿಸಿದ ಮೂರು ಕಾಗದಗಳನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಇದರಲ್ಲಿ ನಾನು ಹೇಳಿದ್ದನ್ನೇ ಬರೆದಿದ್ದೀರಾ?" ಎಂದು ಕೇಳಿದಳು.

ಬರೆದಿದ್ದೆ. ಆಣೆ ಹಾಕಿ ಹೇಳಬಹುದಿತ್ತು. ಆದರೆ ನನ್ನ ಆಣೆಗೆ ಆ ಅಂಗಳದಲ್ಲಿ ಏನು ಬೆಲೆ? ಅವಳು ಕಾಗದಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಶನಿವಾರ ಬರ್ತೇನೆ. ಸ್ವೆಟರು ಬೇಡ ಟೀಚರೇ, ನನಗೆ ಓದಲಿಕ್ಕೆ ಕಲಿಸಿ." ನೆಬೀಸಮ್ಮ ಅಷ್ಟರಲ್ಲಿ ಹಲಗೆ ಎತ್ತಿಕೊಂಡು ಅವಳು ಅರ್ಧಕ್ಕೆ ಬಿಟ್ಟ ಭತ್ತವನ್ನು ಹರಡತೊಡಗಿದ್ದರು. ಆಗ ದೇವಕ್ಕನಿಗೆ ಅಳು ಬಂತು.

ಮರುವಾರದಿಂದ ಹೆಣಿಗೆಯ ಕಡ್ಡಿಗಳ ಜಾಗಕ್ಕೆ ಸ್ಲೇಟುಗಳು ಬಂದವು. ಅ, ಆ ಎಂದು ಮಕ್ಕಳ ಹಾಗೆ ಶುರುಮಾಡಲು ಅವರಿಗೆ ವ್ಯವಧಾನವಿರಲಿಲ್ಲ. ಗಂಡಂದಿರ ಹೆಸರಿನಿಂದಲೇ ಶುರುಮಾಡಿದೆವು. ಬಾಯಿಬಿಟ್ಟು ಹೇಳದ ಹೆಸರನ್ನು ಕೈಯಲ್ಲಿ ಬರೆಯುವಾಗ ಅವರಿಗೆ ಆಗುತ್ತಿದ್ದ ನಾಚಿಕೆಯನ್ನು ನೋಡಬೇಕಿತ್ತು ನೀವು. ಬರೆದು, ಅಂಗೈಯಲ್ಲಿ ಮುಚ್ಚಿ, ಬೆರಳ ಸಂದಿಯಿಂದ ನನಗೆ ಮಾತ್ರ ತೋರಿಸುತ್ತಿದ್ದರು. ಕಾಗದ ಓದುವ ಕೆಲಸವೂ ನಿಲ್ಲಲಿಲ್ಲ. ಆದರೆ ಈಗ ಓದುವಾಗ ಸಾಲಿನ ಕೆಳಗೆ ಬೆರಳಿಟ್ಟು, ಇದ್ದಷ್ಟನ್ನೇ ಓದುತ್ತಿದ್ದೆ. ಪಕ್ಕದಲ್ಲಿ ಕೂತ ಕಣ್ಣುಗಳು ನನ್ನ ಬೆರಳನ್ನು ಕಾವಲು ಕಾಯುತ್ತಿದ್ದವು.

ಈ ನಡುವೆ ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ಒಂದು ಸಲಹೆ ತಂದರು. ದೇವಕ್ಕನನ್ನು ವೇದಿಕೆಗೆ ಕರೆದು, ವೀರಪತ್ನಿಯೆಂದು ಶಾಲು ಹೊದೆಸಿ, ಎರಡು ನಿಮಿಷ ಮೌನ ಆಚರಿಸಬೇಕೆಂದು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದುವರೆಗೆ ಆ ಸಭೆಗಳಲ್ಲಿ ಬರೆಯುವುದನ್ನು ಬಿಟ್ಟು ಬೇರೇನೂ ಮಾಡದ ನಾನು ಎದ್ದು ನಿಂತೆ.

"ಕಾಣೆಯಾಗಿದ್ದಾರೆ ಅಂತ ಮಾತ್ರ ಬಂದಿದೆ, ಸಾರ್. ದೇವಕ್ಕ ಕಾಯ್ತಾ ಇದ್ದಾರೆ. ನಾವು ಮೌನ ಆಚರಿಸಿದರೆ ಕಾಯಬೇಡಿ ಅಂತ ಹೇಳಿದ ಹಾಗೆ ಆಗ್ತದೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ನಾವು ಎಂತ ಮಾಡುದು ಅಂತ ನೀವೇ ಹೇಳಿ."

"ಇನ್ನೂ ಆರು ಸ್ಲೇಟು ಬೇಕು," ಎಂದೆ. ಸಭೆ ನಕ್ಕಿತು. ಸ್ಲೇಟು ಬಂದವು. ಅವುಗಳ ಜೊತೆ, ನಾನು ಕೇಳದಿದ್ದರೂ, ಅಧ್ಯಕ್ಷರ ಕೈಬರಹದ ಒಂದು ಕಾಗುಣಿತದ ಹಾಳೆಯೂ ಬಂತು.

ಕಾಯುವುದನ್ನು ನಾವು ಸುಮ್ಮನೆ ಇರುವುದೆಂದು ತಿಳಿಯುತ್ತೇವೆ. ಆ ನಾಲ್ಕೈದು ತಿಂಗಳು ದೇವಕ್ಕನನ್ನು ನೋಡಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ. ಅವಳು ಹಣೆಯ ಕುಂಕುಮವನ್ನು ಯಾರ ಪಿಸುಮಾತಿಗೂ ಅಳಿಸಲಿಲ್ಲ, ವಾರವಾರ ಬಂದಳು, ಒತ್ತಕ್ಷರದ ಮುಂದೆ ಎಡವಿ ಬೈದಳು, ಅಂಗಡಿಯ ಬೋರ್ಡು, ಬಸ್ಸಿನ ಹಲಗೆ, ಬೆಲ್ಲ ಕಟ್ಟಿಕೊಟ್ಟ ಕಾಗದ, ಏನು ಸಿಕ್ಕಿದರೂ ಬಿಡದೆ ಓದಿದಳು. ಭರವಸೆಯೆಂಬುದು ಅವಳಿಗೆ ಕೂತು ಕಾಣುವ ಕನಸಾಗಿರಲಿಲ್ಲ, ಅದು ದುಡಿಮೆಯಾಗಿತ್ತು.

ಮುಂದಿನ ಮಳೆಗಾಲಕ್ಕೆ ಕೆಲವೇ ದಿನಗಳಿದ್ದ ಒಂದು ಶನಿವಾರ, ಅವಳು ಬಾಗಿಲಲ್ಲಿ ಕಾಣಿಸಿಕೊಂಡಾಗ ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಬಿಡಿಸದ ಇನ್‌ಲ್ಯಾಂಡ್ ಕಾಗದ. ಎಲ್ಲರೂ ಎದ್ದು ನಿಂತೆವು. ಅಭ್ಯಾಸಬಲದಿಂದ ನನ್ನ ಕೈ ಮುಂದೆ ಚಾಚಿತು.

"ಬೇಡ ಟೀಚರೇ," ಎಂದಳು. "ದಾರಿಯಲ್ಲಿ ಓದಲಿಕ್ಕೆ ಧೈರ್ಯ ಆಗಲಿಲ್ಲ. ನಿಮ್ಮೆಲ್ಲರ ಮುಂದೆ ನಾನೇ ಓದ್ತೇನೆ."

ಹೇರ್‌ಪಿನ್ನಿನಿಂದ ಅಂಚು ಬಿಡಿಸಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. "ನಾ... ನು... ನಾನು ಬದುಕಿ... ಬದುಕಿದ್ದೇನೆ." ಆಚೆಯವರ ಕೈಯಲ್ಲಿ ಸೆರೆಯಾಗಿದ್ದೆ, ಬಿಟ್ಟಿದ್ದಾರೆ, ಈಗ ನಮ್ಮದೇ ಆಸ್ಪತ್ರೆಯಲ್ಲಿದ್ದೇನೆ, ಹಿಮದಿಂದ ಎಡಗಾಲಿನ ಎರಡು ಬೆರಳು ಹೋಗಿವೆ, ನಡೆಯುತ್ತೇನೆ. ಇಷ್ಟನ್ನು ಓದುವುದಕ್ಕೆ ಅವಳಿಗೆ ಎಷ್ಟು ಹೊತ್ತು ಹಿಡಿಯಿತೋ ನಾನರಿಯೆ. ನೆಬೀಸಮ್ಮ ನನ್ನ ಮಣಿಕಟ್ಟನ್ನು ಹಿಡಿದದ್ದು ಬಿಡಲೇ ಇಲ್ಲ. ಅಲ್ಲಿಂದ ಮುಂದೆ ದೇವಕ್ಕನ ತುಟಿ ಅಲ್ಲಾಡಿತೇ ಹೊರತು ದನಿ ಬರಲಿಲ್ಲ. ನಾವು ಕಾದೆವು. ಅವಳು ಕೊನೆಯವರೆಗೂ ಓದಿ, ಕಾಗದ ಮಡಚಿ ರವಿಕೆಯೊಳಗೆ ಸೇರಿಸಿ, ಕೆಂಪಾದ ಮುಖದಲ್ಲಿ, "ಉಳಿದದ್ದು ನನಗೆ ಬರೆದದ್ದು" ಎಂದಳು.

ನೆಬೀಸಮ್ಮ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕು, ಅತ್ತು, ಮೂರು ಭಾಷೆಯಲ್ಲಿ ಒಟ್ಟಿಗೇ ಮಾತಾಡಿದರು. ಆ ಕಾಗದದ ಉಳಿದ ಅರ್ಧದಲ್ಲಿ ಏನಿತ್ತೆಂದು ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದರ ಸುಖವೇ ನನ್ನ ಕಾರ್ಯದರ್ಶಿತನದ ಸಂಬಳವೆಂದು ತಿಳಿದಿದ್ದೇನೆ.

ಉತ್ತರವನ್ನು ಅವಳು ಅಲ್ಲೇ ಬರೆಯಲು ಕೂತಳು. ಸ್ಲೇಟಿನಲ್ಲಲ್ಲ, ಶಾಯಿಯಲ್ಲಿ. ನಾನು ದೂರದ ಕಿಟಕಿಯ ಬಳಿ ಹೋಗಿ ನಿಂತೆ. ಬಹಳ ಹೊತ್ತಿನ ಮೇಲೆ ಅವಳು ತಲೆಯೆತ್ತಿ, ಬರೆದದ್ದು ಕಾಣದ ಹಾಗೆ ಕೈ ಅಡ್ಡ ಹಿಡಿದು ಕೇಳಿದಳು.

"ಟೀಚರೇ, 'ಬೇಗ ಬನ್ನಿ' ಅಂತ ಬರೆಯುವಾಗ 'ಬೆ'ಗೆ ದೀರ್ಘ ಉಂಟಾ?"

"ಉಂಟು," ಎಂದೆ.

"ಬೇಗಕ್ಕೂ ದೀರ್ಘವಾ ಮಾರಾಯ್ರೆ!" ಎಂದು ನಿಟ್ಟುಸಿರಿಟ್ಟು, ನಕ್ಕು, ಅವಳು ಅದನ್ನು ಉದ್ದಕ್ಕೆ ಎಳೆದಳು.